ಸ್ಟೂಲಿನಿಂದ ಬಿದ್ದ ಡ್ರೈವರು

ಲಾಕ್‌ಡೌನ್ ಬಂದಮೇಲೆ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಪಘಾತವೇ ಇಲ್ಲದಮೇಲೆ ತಲೆಗೆ ಪೆಟ್ಟಾದವರು ಯಾಕೆ ಬರುತ್ತಾರೆ, ಇನ್ನು ನೆಮ್ಮದಿ ಅಂದುಕೊಂಡಿದ್ದ ಸ್ಕ್ಯಾನಿಂಗ್ ಕೋಣೆಯ ವಾಚ್‌ಮನ್. ಬರುವವರು ಕಡಿಮೆಯಾದರು, ನಿಲ್ಲಲಿಲ್ಲ. ಈಗ ಬರುವವರೆಲ್ಲ ಮನೆಯೊಳಗೇ ಬಿದ್ದವರು. ಇವತ್ತು ಅವನೆದುರಿನ ಬೆಂಚಿನಲ್ಲಿ ತಲೆಗೆ ಬ್ಯಾಂಡೇಜು ಸುತ್ತಿದ್ದ ಬಸ್ ಡ್ರೈವರು, ಪಕ್ಕದಲ್ಲಿ ಹೆಂಡತಿ.

"ಬಸ್ಸಿಗೆ ಏನಾಯ್ತೇ?"

"ಬಸ್ಸಿಗೇನೂ ಆಗಿಲ್ಲ, ಡಿಪೋದಲ್ಲಿ ನಿಂತಿದೆ. ನೀವು ಸ್ಟೂಲಿನಿಂದ ಬಿದ್ರಿ."

"ನಾನ್ಯಾಕೆ ಸ್ಟೂಲ್ ಹತ್ತಿದೆ?"

"ಫ್ಯಾನ್ ಒರೆಸೋಕೆ. ಕೂತು ಕೂತು ಬೇಜಾರು ಅಂದ್ರಲ್ಲ."

"ಪ್ಯಾಸೆಂಜರ್‌ಗಳು?"

"ಯಾರಿಗೂ ಏನೂ ಆಗಿಲ್ಲ ಕಣ್ರೀ."

"ಸದ್ಯ! ಇಷ್ಟು ವರ್ಷದಲ್ಲಿ ಬಸ್ಸಿಗೆ ಒಂದು ಗೀರೂ ಬಿದ್ದಿಲ್ಲ, ಗೊತ್ತಲ್ಲ?"

"ಗೊತ್ತು. ಬೆಳಗಿಂದ ಅದನ್ನೇ ಹೇಳ್ತಿದ್ದೀರಿ."

ಡ್ರೈವರು ತಲೆಯ ಬ್ಯಾಂಡೇಜನ್ನು ಮುಟ್ಟಿ ನೋಡಿಕೊಂಡ.

"ಬಸ್ಸಿಗೆ ಏನಾಯ್ತೇ?"

ಹೆಂಡತಿ ಕಣ್ಣು ಮುಚ್ಚಿಕೊಂಡಳು. "ಬಸ್ಸಿಗೇನೂ ಆಗಿಲ್ಲ."

ಒಳಗಿಂದ ನರ್ಸು ಕರೆದಳು. ಡ್ರೈವರು ಮಿಸುಕಲಿಲ್ಲ.

"ಏಳಿ, ಕರೀತಿದ್ದಾರೆ."

"ಕಂಡಕ್ಟರ್ ಹೇಳದೆ ಹೆಂಗೆ ಬಿಡೋದು? ಜನ ಇನ್ನೂ ಹತ್ತುತ್ತಾ ಇದ್ದಾರೆ."

ಹೆಂಡತಿ ಖಾಲಿ ಕಾರಿಡಾರಿನ ಉದ್ದಕ್ಕೂ ಒಮ್ಮೆ ನೋಡಿದಳು. ಆಮೇಲೆ ಅಂಗೈಯಿಂದ ಬೆಂಚನ್ನು ಎರಡು ಸಲ ಬಡಿದಳು.

"ಎಲ್ಲಾ ಹತ್ತಿದ್ರು. ರೈಟ್, ರೈಟ್!"

ಡ್ರೈವರು ಎದ್ದ. ಕನ್ನಡಿ ನೋಡುವವನ ಹಾಗೆ ಬಲಕ್ಕೊಮ್ಮೆ ಕತ್ತು ತಿರುಗಿಸಿ, ನಿಧಾನವಾಗಿ ಹೊರಟ. ವಾಚ್‌ಮನ್ ಬಾಗಿಲನ್ನು ಪೂರ್ತಿ ತೆಗೆದು, ಬಸ್ಸಿಗೆ ಬೇಕಾಗುವಷ್ಟು ದಾರಿ ಬಿಟ್ಟು ನಿಂತ.