ಪಾಯಿಂಟರ್ ಅಳಿಸಿದ ತಂಗಿ

ಕಾಫಿ ಯಂತ್ರದ ಸಾಲಿನಲ್ಲಿ ನಿಂತಿದ್ದ ಟೆಸ್ಟರ್‌ನ ಕಿವಿಗೆ ಮುಂದಿದ್ದ ಇಬ್ಬರು ಪ್ರೋಗ್ರಾಮರ್ ಹೆಂಗಸರ ಮಾತು ಬಿತ್ತು.

"ನೆಟ್‌ವರ್ಕ್ ಕೋಡ್ ಕ್ರ್ಯಾಶ್ ಆಗೋದು ನಿಂತೇಹೋಯ್ತಂತೆ. ನಿನ್ನ ತಂಗಿ ಕೆಲಸವಂತೆ!"

"ಏನು ಮಹಾ? ಕನೆಕ್ಷನ್ ಮುಚ್ಚಿ ಮೆಮೊರಿ ಬಿಟ್ಟುಕೊಟ್ಟ ಕೂಡಲೇ, ಆ ಮೆಮೊರಿಯ ವಿಳಾಸ ಇಟ್ಕೊಂಡಿದ್ದ ಪಾಯಿಂಟರನ್ನೂ ಅಳಿಸಿದ್ಲು. ಒಂದೇ ಸಾಲು."

"ಅಳಿಸದಿದ್ರೆ, ಮನೆ ಬಿಟ್ಟ ಮೇಲೂ ಹಳೇ ಬೀಗದಕೈ ಹಿಡ್ಕೊಂಡು ಒಳಗೆ ನುಗ್ಗಿದ ಹಾಗೆ. ಈಗ ಅಲ್ಲಿ ಯಾರಿದಾರೋ!"

"ಪಾಯಿಂಟರ್ ಅಂದ್ರೇನು ಅಂತ ಅವಳಿಗೆ ಕಲಿಸಿದ್ದೇ ನಾನು. ಈಗ ಆಫೀಸಲ್ಲೂ ಅವಳೇ, ಮನೇಲಿ ಅಮ್ಮನ ಬಾಯಲ್ಲೂ ಅವಳೇ."

"ಹೊಟ್ಟೆಕಿಚ್ಚಾ?"

"ಹೂಂ ಕಣೇ, ಧಗಧಗ ಅಂತಿದೆ. ಆ ಕೆಟ್ಟ ಕೋಡ್ ಬರೆದವಳು ನಾನೇ ತಾನೆ."

ಅಕ್ಕ ಎರಡು ಲೋಟ ತುಂಬಿಸಿಕೊಂಡಳು.

"ಇನ್ನೊಂದು ಯಾರಿಗೆ?"

"ಅವಳಿಗೇ. ನನ್ನ ಉಳಿದ ಕೋಡನ್ನ ಕಂಡೋರು ನೋಡಿ ನಗೋದಕ್ಕಿಂತ ಅವಳೇ ನೋಡಿ ತಿದ್ಲಿ."

ಇಬ್ಬರೂ ಲಿಫ್ಟ್ ಹತ್ತಿದರು.