ಮೇಲಿನ ಮಹಡಿಯ ದೀಪದ ಬಗ್ಗೆ ಎಫುವಾ ಕ್ವಾನ್ಸಾ ಅವರ ಹೇಳಿಕೆ

ಹೆಸರು: ಎಫುವಾ ಕ್ವಾನ್ಸಾ. ವಯಸ್ಸು: 43. ಉದ್ಯೋಗ: ನರ್ಸಿಂಗ್ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಸ್ವಂತ ಊರು: ಘಾನಾ ದೇಶದ ಕೇಪ್ ಕೋಸ್ಟ್. ಈಗಿನ ವಾಸ: ಓಹಾಯೋ ರಾಜ್ಯದ ಟೊಲಿಡೊ ನಗರ, ವಿದ್ಯಾರ್ಥಿನಿಯರ ವಸತಿಗೃಹ.

ಈ ಮೂಲಕ ಪೊಲೀಸರಿಗೆ ತಿಳಿಸುವುದು ಇಷ್ಟು:

ಹಾರ್ಮನ್ ಬೀದಿಯ 418ನೇ ನಂಬರಿನ ಮನೆಯೆದುರು ಮೂರು ಸಂಜೆ ಕಾರು ನಿಲ್ಲಿಸಿಕೊಂಡು ಕೂತಿದ್ದವಳು ನಾನೇ. ಕಳ್ಳತನಕ್ಕೆ ಹೊಂಚು ಹಾಕಿರಲಿಲ್ಲ. ಆ ಮನೆಯನ್ನು ಕೊಳ್ಳಲು ಮುಂಗಡ ಕೊಟ್ಟಿದ್ದೇನೆ.

ನನ್ನ ವೀಸಾದಲ್ಲಿ ಹೊರಗೆ ಕೆಲಸ ಮಾಡುವಂತಿಲ್ಲ. ಮನೆ ಕೊಂಡು ಬಾಡಿಗೆಗೆ ಕೊಡಲು ಅಡ್ಡಿಯಿಲ್ಲ ಎಂದು ವಿಶ್ವವಿದ್ಯಾಲಯದ ಕಚೇರಿಯಲ್ಲಿ ಕೇಳಿ ತಿಳಿದುಕೊಂಡಿದ್ದೆ. ಈ ದೇಶದಲ್ಲಿ ಹಿಂದೆ ಸಾಲ ತೆಗೆದು ತೀರಿಸಿದವಳಲ್ಲ ಎಂಬ ಕಾರಣಕ್ಕೆ ಮೂರು ಬ್ಯಾಂಕುಗಳು ಒಪ್ಪಲಿಲ್ಲ. ಕೊನೆಗೆ ಒಂದು ಸಾಲದ ಕಂಪನಿ, ನನ್ನ ಸಂಬಳ ಕೇಳುವುದಿಲ್ಲ, ಮನೆಯ ಬಾಡಿಗೆಯಿಂದಲೇ ಕಂತು ಹುಟ್ಟಿದರೆ ಸಾಕು ಎಂದಿತು. ಬೆಲೆಯಲ್ಲಿ ನೂರಕ್ಕೆ ಮೂವತ್ತು ಪಾಲು ನಾನು ಹಾಕಬೇಕಿತ್ತು. ಊರಿನ ಆಸ್ಪತ್ರೆಯಲ್ಲಿ ದುಡಿದು ಉಳಿಸಿದ್ದಕ್ಕೆ ಇಲ್ಲಿನ ನಮ್ಮ ಚರ್ಚಿನ ಹೆಂಗಸರ ಚೀಟಿಯಲ್ಲಿ ಬಂದ ಹಣ ಸೇರಿಸಿದೆ. ಚೀಟಿ ಎಂದರೇನೆಂದು ಕಂಪನಿಗೆ ಅರ್ಥವಾಗಲಿಲ್ಲ. ಆಗ ಹದಿನಾಲ್ಕು ಹೆಂಗಸರೂ, ಇವಳು ನಂಬಿಕಸ್ಥೆ ಎಂದು ಒಬ್ಬೊಬ್ಬರಾಗಿ ಪತ್ರ ಬರೆದುಕೊಟ್ಟರು.

ಮನೆ ಎರಡು ಮಹಡಿಯದು. ಕೆಳಗಿನ ಬಾಡಿಗೆ ಏಳುನೂರು ಡಾಲರ್, ಮೇಲಿನದು ಒಂಬೈನೂರೈವತ್ತು. ಕಂತು, ತೆರಿಗೆ, ವಿಮೆ ಸೇರಿ ತಿಂಗಳಿಗೆ ಸಾವಿರದ ಹತ್ತಿರ. ಮೇಲಿನ ಬಾಡಿಗೆದಾರ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ, ಸಂಜೆಯೇ ಸಿಗುವುದು ಎಂದು ದಲ್ಲಾಳಿ ಕರ್ಟಿಸ್ ಹೇಳಿದರು. ಮನೆ ತೋರಿಸಿದ ದಿನ ಮೇಲೆ ಒಂದು ಹಾಸಿಗೆ, ಒಂದು ಜೊತೆ ಬೂಟು ಇದ್ದವು. ಮಗುಚಿ ಬಿದ್ದಿದ್ದ ಬೂಟಿನ ಅಟ್ಟೆಯ ಮೇಲೆ ಅಂಗಡಿಯ ಬೆಲೆಯ ಸ್ಟಿಕರ್ ಹಾಗೇ ಇತ್ತು. ನೋಡಿದೆ. ಕೇಳಲಿಲ್ಲ.

ನವೆಂಬರ್ 18ರಂದು ಸಂಜೆ ಐದಕ್ಕೆ ಬಂದು ಸುಮಾರು ಮೂವತ್ತು ಅಡಿ ದೂರದಲ್ಲಿ ಕಾರು ನಿಲ್ಲಿಸಿದೆ. 5:40ಕ್ಕೆ ಮೇಲಿನ ಬಲಗಡೆ ಕಿಟಕಿಯಲ್ಲಿ ದೀಪ ಹತ್ತಿತು. ಸಮಾಧಾನವಾಯಿತು. ಮರುದಿನವೂ ಅದೇ ಕಿಟಕಿ, 5:40. ಯಾರೂ ಮೆಟ್ಟಿಲು ಹತ್ತಿದ್ದನ್ನು ಕಾಣಲಿಲ್ಲ, ಪರದೆಯ ಹಿಂದೆ ನೆರಳೂ ಸುಳಿಯಲಿಲ್ಲ. ಹೊರಟುಬಿಡೋಣವೆಂದು ಮೂರು ಸಲ ಗಾಡಿ ಚಾಲೂ ಮಾಡಿ ಮೂರು ಸಲವೂ ಆಫ್ ಮಾಡಿದೆ. ಕರ್ಟಿಸ್‌ಗೆ ಫೋನ್ ಮಾಡಿದಾಗ ಅವರು, "ದೀಪ ಉರೀತಿದೆ ತಾನೇ ಮೇಡಂ? ಮತ್ತೇನು, ಅವನು ನಿಮ್ಮನ್ನ ಊಟಕ್ಕೆ ಕರೀಬೇಕಾ? ಕಂಪನಿಯವರು ನೋಡೋದು ಕಾಗದ. ನಾಡಿದ್ದು ಹತ್ತಕ್ಕೆ ಸಹಿ. ಈಗ ಹಿಂದೆ ಸರಿದರೆ ಮುಂಗಡ ಹೋಯ್ತು ಅನ್ಕೊಳ್ಳಿ" ಎಂದರು.

ಈ ದಿನ 5:05ಕ್ಕೆ ಪೊಲೀಸ್ ಅಧಿಕಾರಿ ಬ್ರೆನ್ನನ್ ಅವರು ನನ್ನ ಕಾರಿನ ಗಾಜು ತಟ್ಟಿದರು. ದೂರು ಕೊಟ್ಟಿದ್ದವರು ಕೆಳಗಿನ ಮನೆಯ ಬಾಡಿಗೆದಾರರಾದ ವಾಂಡಾ ಪಿಯೆತ್ರೋವ್ಸ್ಕಿ, ವಯಸ್ಸು 71. ಅವರು ನೈಟಿಯ ಮೇಲೆ ಕೋಟು ಹಾಕಿಕೊಂಡು ಅಂಗಳದಿಂದಲೇ, "ಇವಳೇ! ಮೊನ್ನೆ ಬಾಳೆಕಾಯಿ ಕರಿದದ್ದು, ನಿನ್ನೆ ಕಡಲೆಕಾಯಿ. ಸಿಪ್ಪೆ ಮಾತ್ರ ಕಾರೊಳಗೇ ಹಾಕ್ಕೋತಾಳೆ, ಅದೊಂದು ಒಳ್ಳೇ ಬುದ್ಧಿ" ಎಂದು ಕೂಗಿದರು. ನಾನು ವಿಷಯ ತಿಳಿಸಿದೆ. ಆಗ ಅವರು, "ಓ, ಮನೆ ಒಡತಿ ನೀನೇನಾ? ಚಳೀಲಿ ಯಾಕೆ ನಿಂತಿದ್ದೀಯ, ಬಾ ಒಳಗೆ. ಬಾಡಿಗೆ ಏರಿಸ್ತೀಯಾ? ಮೊದಲು ಅದು ಹೇಳು" ಎಂದರು.

ಅಧಿಕಾರಿಗಳೂ ಜೊತೆಗೆ ಬಂದರು. ಒಳಗೆ ಕೂತ ಮೇಲೆ, ಮೇಲಿನ ಮನೆಯವರು ಎಷ್ಟು ಹೊತ್ತಿಗೆ ಬರುತ್ತಾರೆಂದು ನಾನು ವಿಚಾರಿಸಿದೆ.

"ಮೇಲೆ ಯಾರಿದ್ದಾರೆ? ಹೋದ ಫೆಬ್ರವರೀಲಿ ಪೈಪ್ ಒಡೆದು ನೀರೆಲ್ಲ ನನ್ನ ಸೋಫಾ ಮೇಲೆ ಸುರೀತು. ಅವತ್ತಿಂದ ಇಲಿ ಓಡಾಡಿದ ಸದ್ದೂ ಇಲ್ಲ. ದೀಪಾನಾ? ಟೈಮರ್ ಕಣಮ್ಮ, ಕಳ್ಳರು ಬರಬಾರದು ಅಂತ ಮಾಲೀಕ ಹಾಕಿಸಿದ್ದು. ಕಳ್ಳರು ಬರಲಿಲ್ಲ, ನೀನು ಬಂದೆ."

ಅಧಿಕಾರಿಗಳು ಇದು ಬರೀ ತಪ್ಪು ತಿಳಿವಳಿಕೆಯೆಂದು, ಮನೆ ನೋಡಲು ಬಂದಿದ್ದಳೆಂದು ಎರಡು ಸಾಲು ಬರೆದರು. ನಾನು ಒಪ್ಪಿ ಪೆನ್ನು ತೆಗೆದುಕೊಂಡೆ. ಆ ಎರಡು ಸಾಲಿಗೆ ಸಹಿ ಮಾಡಿದ್ದರೆ ನಾಳೆ ಹತ್ತು ಗಂಟೆಗೆ ಸಾಲದ ಕಾಗದಕ್ಕೂ ಸಹಿ ಮಾಡಬಹುದಿತ್ತು. ಮೇಲಿನ ಮನೆಯಲ್ಲಿ ಬಾಡಿಗೆದಾರನಿದ್ದಾನೆ, ನನಗೆ ತಿಳಿದ ಮಟ್ಟಿಗೆ ಇದು ನಿಜ ಎಂದು ಆ ಸಾಲದ ಕಾಗದದಲ್ಲಿದೆ. ವಾಂಡಾ ಅವರು ದೂರು ಕೊಡದೆ ಇದ್ದಿದ್ದರೆ ನಾನು ಸಹಿ ಮಾಡುತ್ತಿದ್ದೆನೇ? ಮಾಡುತ್ತಿರಲಿಲ್ಲ ಎಂದು ಈಗ ಹೇಳಲಾರೆ.

ಆದ್ದರಿಂದ ಆ ಎರಡು ಸಾಲನ್ನು ಹೊಡೆದುಹಾಕಿ, ಇದೆಲ್ಲವನ್ನೂ ಬರೆದುಕೊಳ್ಳಬೇಕೆಂದು ನಾನೇ ಕೇಳಿಕೊಂಡೆ. ಅಧಿಕಾರಿಗಳು, "ಮೇಡಂ, ಇದು ಬರೆದ ಮೇಲೆ ನಾಳೆ ನಂಗೆ ಗೊತ್ತಿರಲಿಲ್ಲ ಅನ್ನೋಕಾಗಲ್ಲ, ಯೋಚನೆ ಮಾಡಿ" ಎಂದರು. ಅದಕ್ಕಾಗಿಯೇ ಬರೆಸುತ್ತಿದ್ದೇನೆಂದು ಉತ್ತರಿಸಿದೆ. ವಾಂಡಾ ಅವರು ಚಹಾದ ಲೋಟ ನನ್ನ ಮುಂದಿಟ್ಟು, "ಹಾಗಾದ್ರೆ ನೀನು ತಗೊಳ್ಳಲ್ಲ" ಎಂದಷ್ಟೇ ಹೇಳಿದರು. ಬಾಡಿಗೆಯ ಮಾತು ಮತ್ತೆ ಎತ್ತಲಿಲ್ಲ.

ಇದನ್ನು ಬರೆಯುತ್ತಿರುವಾಗ, 5:40ಕ್ಕೆ, ಹೊರಗೆ ಅಂಗಳದ ಹುಲ್ಲಿನ ಮೇಲೆ ಮೇಲಿನಿಂದ ಬೆಳಕು ಬಿತ್ತು. ನಾವು ಮೂವರೂ ತಲೆಯೆತ್ತಿ ಚಾವಣಿ ನೋಡಿದೆವು. ಹೆಜ್ಜೆಯ ಸದ್ದು ಕೇಳಲಿಲ್ಲ. ಇದಕ್ಕೆ ಅಧಿಕಾರಿ ಬ್ರೆನ್ನನ್ ಅವರೂ ಸಾಕ್ಷಿ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: 418, ಹಾರ್ಮನ್ ಬೀದಿ, ಕೆಳಗಿನ ಮನೆ, ಟೊಲಿಡೊ
ದಿನಾಂಕ: 20 ನವೆಂಬರ್ 2024
ಸಹಿ: ಎಫುವಾ ಕ್ವಾನ್ಸಾ