ಮಳೆ ಬಂದ್ರೆ ರಜ ಹಾಕೋ ಹಸುಗಳು

ಅದಕ್ಕೇ ನಾನು ಹೇಳೋದು, ಸ್ಕ್ರೀನ್ ಮೇಲೆ ಎಲ್ಲಾ ಸರಿಯಾಗಿ ಕಂಡ್ರೆ ಆಗಲೇ ಅನುಮಾನ ಪಡಬೇಕು ಅಂತ. ಮಕ್ಕಳಾ, ಎಲ್ಲರೂ ಕೇಳಿ. ಅದಿತಿ, ಆ ಫೋನ್ ಕೆಳಗಿಡು. ಕೊರೋನಾ ಎರಡನೇ ವರ್ಷ, ನೀನಿನ್ನೂ ಸ್ಕೂಲಿಗೆ ಸೇರಿರಲಿಲ್ಲ, ಟೋಕಿಯೋದ ಇದೇ ಓಜಿಮಾ ಮನೆ, ಇದೇ ಬಾಲ್ಕನಿ. ಸಗಮಿಹಾರಾದ ನಮ್ಮ ಲ್ಯಾಬಿಗೆ ಹೋಗೋ ಹಾಗಿಲ್ಲ, ಕೆಲಸವೆಲ್ಲ ಊಟದ ಮೇಜಿನ ಮೇಲೆ. ಏನು ಕೆಲಸ ಗೊತ್ತಾ? ದೂರದ ಕ್ಯೂಶೂ ದ್ವೀಪದಲ್ಲಿ ಒಂದು ಬೆಟ್ಟ, ಅಲ್ಲಿ ಮೇಯೋ ಆರು ಹಸು, ಒಂದೊಂದರ ಕೊರಳಿಗೂ ಒಂದು ಪಟ್ಟಿ. ಹಸು ಎಲ್ಲಿದೆ ಅಂತ ಪಟ್ಟಿ ಹೇಳುತ್ತೆ, ನನ್ನ ಲ್ಯಾಪ್‌ಟಾಪಲ್ಲಿ ಆರು ಚುಕ್ಕಿ. ಓದದಿದ್ರೆ ದನ ಕಾಯ್ತೀಯ ಅಂತ ನಮ್ಮಪ್ಪ ಬೈತಿದ್ರು. ಓದಿದೆ, ಪಿಎಚ್‌ಡಿ ಮಾಡಿದೆ, ದನ ಕಾದೆ.

ಆ ಬೆಟ್ಟ ಇಡೀ ಊರಿಗೆ ಸೇರಿದ್ದು, ನಮ್ಮ ಕಡೆ ಗೋಮಾಳ ಇದ್ದ ಹಾಗೆ. ಮೊದಲು ಎಲ್ಲಾ ಮನೆ ದನಾನೂ ಬೇಸಿಗೆಯಲ್ಲಿ ಅಲ್ಲಿಗೆ ಹತ್ತುತಿದ್ವಂತೆ. ಒಬ್ಬೊಬ್ಬರೇ ಬಿಟ್ರು. ಕೊನೆಗೆ ಉಳಿದೋರು ಮೋರಿಟಾ ಸಾನ್ ಒಬ್ಬರೇ, ಎಂಬತ್ತು ದಾಟಿದ ಮುದುಕ. ಆ ವರ್ಷ ದನ ಮೇಯದಿದ್ರೆ ಬೆಟ್ಟಾನ ಸೋಲಾರ್ ಕಂಪನಿಗೆ ಕೊಡೋದು ಅಂತ ಊರ ಸಂಘದ ತೀರ್ಮಾನ. ಮೇದ್ವಾ ಇಲ್ವಾ ಅಂತ ವರದಿ ಕೊಡೋಳು ನಾನು.

ಚುಕ್ಕಿಗಳು ಚೆನ್ನಾಗೇ ಓಡಾಡ್ತಿದ್ವು. ತೀರಾ ಚೆನ್ನಾಗಿ. ಬೆಳಿಗ್ಗೆ ಎಂಟಕ್ಕೆ ಬೆಟ್ಟ ಹತ್ತೋವು, ಹನ್ನೆರಡಕ್ಕೆ ನಿಲ್ಲೋವು, ಒಂದಕ್ಕೆ ಮತ್ತೆ ಹೊರಡೋವು, ಶಿನಾಗಾವಾ ಆಫೀಸಿನೋರ ಹಾಗೆ. ಒಂದನ್ನ ಬಿಟ್ಟು ಒಂದು ನಾಲ್ಕು ಹೆಜ್ಜೆ ಆಚೆ ಹೋಗಲ್ಲ. ಮಳೆ ಬಂದ ದಿನ ರಜ. ಹಸುಗೆ ಎಂಥಾ ರಜ? ನಿಮ್ಮ ತಾತ ಕಾಫಿ ಹೀರ್ತಾ, ಜಪಾನಿನ ಹಸು ಕಣೇ, ಶಿಸ್ತು ಅಂದ್ರು. ನಾನು ನಂಬಲಿಲ್ಲ.

ಓಡಾಟಕ್ಕೆ ಬಿಟ್ಟ ಕೂಡಲೇ ಹೊರಟೆ. ಬಸ್ ಇಳಿದ್ರೆ ಅಂಗಡಿಯಾಕೆ ಎರಡು ಹೆಜ್ಜೆ ಹಿಂದಕ್ಕೆ. ಟೋಕಿಯೋದಿಂದ ಬಂದೋಳು, ಅದರ ಮೇಲೆ ಪರದೇಶದೋಳು. ನನಗೆ ಅವರ ಹಸು ಮೇಲೆ ಅನುಮಾನ, ಅವರಿಗೆ ನನ್ನ ಉಸಿರಿನ ಮೇಲೆ. ಸುಮಿಮಾಸೆನ್, ಸುಮಿಮಾಸೆನ್, ಕ್ಷಮಿಸಿ ಕ್ಷಮಿಸಿ ಅಂತ ಬೆಟ್ಟ ಹತ್ತಿದೆ. ಸರಿಯಾಗಿ ಹನ್ನೆರಡು ಗಂಟೆ. ಮೋರಿಟಾ ಸಾನ್ ಕಲ್ಲಿನ ಮೇಲೆ ಕೂತು ಅನ್ನದುಂಡೆ ತಿಂತಿದಾರೆ. ಪಕ್ಕದಲ್ಲಿ ಚೀಲ. ಚೀಲದಲ್ಲಿ ಆರೂ ಪಟ್ಟಿ. ಹಸು ಒಂದೂ ಇಲ್ಲ.

"ಉಸೋ, ಅಜ್ಜಿ."

ಸುಳ್ಳಲ್ಲ ಕಣೇ. ಮುದುಕ ದಿನಾ ಆರು ಹಸುವಾಗಿ ಬೆಟ್ಟ ಸುತ್ತುತಿದ್ರು. ಹಸು ಎಲ್ಲಿ ಅಂದ್ರೆ ಮಾಸ್ಕ್ ಏರಿಸಿಕೊಂಡು, ಕೊಟ್ಟಿಗೇಲಿವೆ ಅಂದ್ರು. ಪ್ರತಿ ವರ್ಷ ಚಳಿಗಾಲ ಮುಗೀತಿದ್ದ ಹಾಗೆ ಒಣಹುಲ್ಲು ಸುಡಕ್ಕೆ, ಬೇಲಿ ಕಟ್ಟಕ್ಕೆ ಪಟ್ಟಣದಿಂದ ಜನ ಬರ್ತಿದ್ರಂತೆ. ಆ ವರ್ಷ ಕೊರೋನಾ ಅಂತ ಯಾರನ್ನೂ ಊರೊಳಗೆ ಬಿಡಲಿಲ್ಲ. ಬೇಲಿ ಇಲ್ಲದೆ ಬಿಟ್ರೆ ದನ ಕಣಿವೆಗೆ ಬೀಳ್ತವೆ. ಈ ಒಂದು ವರ್ಷ ದಾಟಿದ್ರೆ ಸಾಕು, ಬರೋ ವರ್ಷ ಜನ ಬರ್ತಾರೆ ಅಂದ್ರು. ಮಳೇಲಿ ಕಾಲು ಜಾರುತ್ತೆ, ಅದಕ್ಕೇ ರಜ. ಹಸು ಮೇಲೆ ಇಷ್ಟು ಪ್ರೀತಿ, ಕೊನೆಗೆ ಕಸಾಯಿಖಾನೆಗೇ ತಾನೆ ಕಳಿಸೋದು ಅಂತ ಕೇಳೋಣ ಅನ್ನಿಸ್ತು. ನನ್ನ ಕಾಲಲ್ಲೇ ಚರ್ಮದ ಬೂಟ್ ಇತ್ತು. ಇದು ಮೋಸ ಅಲ್ವಾ ಅಂತ ಮಾತ್ರ ಕೇಳಿದೆ.

"ಹಸು ಹೇಗಿದೆ ಅಂತ ನೀವು ಒಂದು ದಿನಾನೂ ಕೇಳಲಿಲ್ಲ," ಅಂದ್ರು. "ಪಟ್ಟಿ ಕೆಲಸ ಮಾಡ್ತಿದೆಯಾ ಅಂತ ಕೇಳಿದ್ರಿ. ಮಾಡ್ತಿತ್ತು."

ವರದಿಗೆ ಇನ್ನೂ ಒಂದು ತಿಂಗಳು ಟೈಮಿತ್ತು. ನಾನು ವಾಪಸ್ ಬರೋ ವಿಮಾನದಲ್ಲೇ ಬರೆದೆ, ಹಿಡಿದುಬಿಟ್ಟೆ ಅನ್ನೋ ಖುಷಿ. ಹಸು ಮೇಯಲಿಲ್ಲ ಅಂತ ಬರೆದೆ. ಸತ್ಯಾನೇ ತಾನೆ? ಮಾರನೇ ವರ್ಷ ಹುಲ್ಲು ಸುಡಕ್ಕೆ ಜನ ಬರಬಹುದು ಅಂತ ಊರಿನೋರು ಅಂದ್ರು. ಸುಡೋಕೆ ಹುಲ್ಲೆಲ್ಲಿತ್ತು, ಬೆಟ್ಟದ ತುಂಬಾ ಸೋಲಾರ್ ಪ್ಯಾನೆಲ್. ಮೋರಿಟಾ ಸಾನ್ ಹಸುಗಳನ್ನ ಮಾರಿದ್ರಂತೆ. ಯಾಕೆ ಮೇಯಲಿಲ್ಲ ಅಂತ ನಾನು ಬರೀಲಿಲ್ಲ. ಅದಕ್ಕೆ ಕಾಲಂ ಇರಲಿಲ್ಲ. ಅಲ್ಲ, ಇದು ಸುಳ್ಳು. ಕೆಳಗೆ ಅರ್ಧ ಪುಟ ಖಾಲಿ ಇತ್ತು.

ಅನುಮಾನ ಪಡಿ, ಬೇಡ ಅನ್ನಲ್ಲ. ಕಳ್ಳ ಸಿಕ್ಕಿದ ಮೇಲೆ ಯಾಕಪ್ಪಾ ಕದ್ದೆ ಅಂತ ಕೇಳಿ, ಅದನ್ನೂ ಬರ್ಕೊಳ್ಳಿ. ಏಳಿ, ಸಾರು ಆರ್ತಿದೆ.